ಸುಮ್ಮನೆ ಕೂರುವವರ ಊರಿಗೆ ಬಾಣಂತನಕ್ಕೆ ಹೋದದ್ದು

ಮಕ್ಕಳೇ, ರಜೆಗೆ ಬಂದಾಗಲೆಲ್ಲ ನೀವು ಕೇಳುವುದು ಒಂದೇ. ಅಮೇರಿಕಾದಲ್ಲಿ ಎಷ್ಟೆತ್ತರದ ಬಿಲ್ಡಿಂಗ್ ನೋಡಿದೆ ಅಜ್ಜಿ, ವಿಮಾನದಲ್ಲಿ ತಿನ್ನಲು ಏನು ಕೊಟ್ಟರು ಅಜ್ಜಿ. ನಾನು ಎತ್ತರದ ಬಿಲ್ಡಿಂಗ್ ಒಂದನ್ನೂ ನೋಡಲಿಲ್ಲ. ವಿಮಾನದಲ್ಲಿ ಕೊಟ್ಟದ್ದರಲ್ಲಿ ಯಾವುದರೊಳಗೆ ಮೊಟ್ಟೆ ಇದೆಯೋ ತಿಳಿಯದೆ ಏನನ್ನೂ ಮುಟ್ಟಲಿಲ್ಲ. ಅಲ್ಲಿ ನಾನು ನೋಡಿದ್ದು ಒಂದು ಮನೆ, ಒಂದು ಕೆರೆ, ಆಸ್ಪತ್ರೆಯ ಒಂದು ಕೋಣೆ. ಅಷ್ಟನ್ನು ನೋಡಿ ಆದ ಗಾಬರಿಯೇ ನನ್ನ ಆಯುಷ್ಯಕ್ಕೆ ಸಾಕಾಯಿತು.

ಇದನ್ನು ಬಾಯಿಬಿಟ್ಟು ಹೇಳಲು ನನಗೆ ಸಂಕೋಚ. ನಾಲ್ಕು ಜನರ ಮುಂದೆ ಮಾತಾಡಿದವಳಲ್ಲ ನಾನು. ಬೆಳ್ಳಾವಿ ಕಡೆಯ ನಮ್ಮೂರಿನ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ. ಇದರಲ್ಲಿ ಬರುವ ಗಿರಿಜ ನನ್ನ ಮಗಳು, ನಿಮ್ಮ ಸೋದರತ್ತೆ. ಬರೆಯಲೇ ಎಂದು ಅವಳನ್ನು ಮೊದಲೇ ಕೇಳಿದೆ. "ಬರಿಯಮ್ಮ. ಚೇತನಂಗೂ ಗೊತ್ತಾಗ್ಲಿ, ನಾನೇ ಓದಿ ಹೇಳ್ತೀನಿ" ಎಂದಳು. ಚೇತನ ಅವಳ ಮಗ. ಆಗ ಅವನು ಎಳೆಗೂಸು.

ಗುಬ್ಬಿ

ಎಂಬತ್ತರ ದಶಕದ ಮಾತು. ನಮ್ಮ ಬೀದಿಯಲ್ಲಿ ಫೋನು ಇದ್ದದ್ದು ರುದ್ರಪ್ಪನ ದಿನಸಿ ಅಂಗಡಿಯಲ್ಲಿ ಮಾತ್ರ. ಒಂದು ಬೆಳಗ್ಗೆ ಅವನು ಅಂಗಡಿಯಿಂದಲೇ ಕೂಗಿದ. "ಗೌರಮ್ಮಾರೆ, ಅಮೇರಿಕಾದಿಂದ ನಿಮ್ಮ ಅಳಿಯಂದಿರು, ಬಿರ್ರನೆ ಬನ್ನಿ."

ಅಳಿಯಂದಿರು ಬಣ್ಣ ತಯಾರಿಸುವ ಕಾರ್ಖಾನೆಯಲ್ಲಿ ಕೆಮಿಸ್ಟು. ಮಾತು ಕಡಿಮೆ. ನಾನೂ ಅವರೆದುರು ಸೆರಗು ಹೊದ್ದು ಬಾಗಿಲ ಮರೆಯಲ್ಲಿ ನಿಂತವಳೇ ಹೊರತು ಮುಖ ಕೊಟ್ಟು ಮಾತಾಡಿದವಳಲ್ಲ. ಆ ದಿನ ಬೇಳೆ ಮೂಟೆಗಳ ನಡುವೆ ನಿಂತು, ಫೋನಿಗೂ ಸೆರಗು ಮುಚ್ಚಿಕೊಂಡು ಕೇಳಿಸಿಕೊಂಡೆ.

"ಅತ್ತೆ, ಗಿರಿಜಂಗೆ ಹುಷಾರಿಲ್ಲ."

"ಜ್ವರವಾ?"

"ಜ್ವರ ಅಲ್ಲ. ಮಗೂನ ಎತ್ಕೊಳ್ತಾ ಇಲ್ಲ. ಎತ್ಕೊಂಡ್ರೆ ಬೀಳಿಸ್ಬಿಡ್ತೀನಿ ಅಂತಾಳೆ. ಬೆಳಗಾದ್ರೆ ಕಿಟಕಿ ಮುಂದೆ ಕೂತ್ಬಿಡ್ತಾಳೆ. ಎದ್ದೇಳಲ್ಲ, ಮಾತಾಡಲ್ಲ. ಅವಳನ್ನ ಮಗು ಜೊತೆ ಒಂಟಿಯಾಗಿ ಬಿಡ್ಬೇಡಿ ಅಂದವ್ರೆ ಡಾಕ್ಟ್ರು."

ಔಷಧಿ ಏನು ಕೊಟ್ಟಿದ್ದಾರೆ ಎಂದು ಕೇಳಿದೆ.

"ಮಾತ್ರೆ ಕೊಟ್ಟಿದಾರೆ. ಅದ್ರ ಜೊತೆಗೆ, ವಾರಕ್ಕೊಂದ್ಸಲ ಆಸ್ಪತ್ರೇಲಿ ಸುಮ್ನೆ ಕೂರಿಸ್ತಾರೆ."

ಲೈನು ಕಡಿದು ಹೋಯಿತು. ಕೂತಲ್ಲಿಂದ ಏಳದಿರುವುದೇ ಕಾಯಿಲೆಯಾದವಳನ್ನು ಕರೆದೊಯ್ದು ಇನ್ನಷ್ಟು ಕೂರಿಸುವ ವೈದ್ಯ ಎಂಥದು? ನಾನು ಮೂಟೆಯ ಮೇಲೆಯೇ ಕುಸಿದೆ. ರುದ್ರಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದ. ನನ್ನನ್ನು ನಗಿಸಲೆಂದೋ ಏನೋ, "ಸುಮ್ನೆ ಕೂರ್ಸಕ್ಕೆ ಅಮೇರಿಕಾ ಯಾಕಮ್ಮ, ನಮ್ಮನೆಯವ್ಳು ಇಲ್ಲೇ ಕೂತವ್ಳೆ, ಎಬ್ಬಿಸ್ಕೊಡೋ ಆಸ್ಪತ್ರೆ ಇದ್ರೆ ಹೇಳಿ" ಎಂದ. ಒಳಗಿನಿಂದ ಅವನ ಹೆಂಡತಿ, "ಕೂತವ್ಳು ಎದ್ರೆ ನಿನ್ ಮುದ್ದೆ ಯಾರ್ ತೊಳಸ್ತಾರೆ ನೋಡ್ತೀನಿ" ಎಂದಳು. ನನಗೆ ನಗು ಬರಲಿಲ್ಲ.

ಕುಣಿಗಲ್

ಹೊರಡುವ ಮೊದಲು ಕುಣಿಗಲ್ಲಿಗೆ ಹೋಗಿ ಬೀಗಿತ್ತಿಗೆ ಹೇಳಬೇಕಿತ್ತು. ಅಳಿಯಂದಿರ ತಾಯಿ ಸಿದ್ದಮ್ಮನವರಿಗೆ ಮಂಡಿನೋವು, ಅಷ್ಟು ದೂರ ಹೋಗಲಾರರು. ಕೂತಲ್ಲೇ ಎಲ್ಲವನ್ನೂ ಕೇಳಿ ತೀರ್ಪು ಕೊಟ್ಟರು.

"ದೃಷ್ಟಿ ಆಗ್ಯದೆ ಬುಡಿ ಬೀಗ್ರೆ. ಬಾಣಂತೀನ ಗಾಳಿಗೆ ಬುಟ್ಟವ್ರೆ. ಕಿವಿಗೆ ಹತ್ತಿ ಇಲ್ಲ, ತಲೆಗೆ ಬಟ್ಟೆ ಇಲ್ಲ. ಅಲ್ಲಿ ಆಸ್ಪತ್ರೇಲಿ ಏನ್ ಮಾಡ್ತಾರಂತೆ?"

"ಸುಮ್ನೆ ಕೂರಿಸ್ತಾರಂತೆ."

"ಸುಮ್ನೆ ಅಂದ್ರೆ?"

"ಸುಮ್ನೆ ಅಂದ್ರೆ ಸುಮ್ನೆ."

ಸಿದ್ದಮ್ಮನವರು ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. "ನಮ್ ಕಾಲದಲ್ಲಿ ಸೊಸೆ ಸುಮ್ನೆ ಕೂತ್ರೆ ಅತ್ತೇಗೆ ಕಾಯಿಲೆ ಬರ್ತಿತ್ತು" ಎಂದರು. ಆಮೇಲೆ ಒಳಗಿನಿಂದ ಒಂದು ತಾಯಿತ ತಂದು ನನ್ನ ಅಂಗೈಯಲ್ಲಿಟ್ಟು, ಅದನ್ನು ಮುಚ್ಚಿ ಹಿಡಿದರು. "ಮೊಮ್ಮಗೀನ ಮುಖ ನಾನಿನ್ನೂ ನೋಡಿಲ್ಲ ಬೀಗ್ರೆ. ತಾಯಿ ಎತ್ಕೊಳ್ದೆ ಇದ್ರೆ ಅದು ಹೆಂಗೆ ಬೆಳೀತದೆ?"

ಬಸ್ಸಿನಲ್ಲಿ ವಾಪಸು ಬರುವಾಗ ಆ 'ಸುಮ್ನೆ' ಎಂಬ ಮಾತೇ ತಲೆಯಲ್ಲಿ ಸುತ್ತುತ್ತಿತ್ತು. ನಮ್ಮ ಕಡೆ ಅತ್ತ ಮಗುವಿಗೆ ಸುಮ್ನಿರು ಅನ್ನುತ್ತಾರೆ, ಎದುರು ಮಾತಾಡಿದ ಹೆಂಗಸಿಗೆ ಸುಮ್ನಿರು ಅನ್ನುತ್ತಾರೆ. ನಿಮ್ಮ ತಾತ ಹೋದಾಗ ಮನೆಗೆ ಬಂದವರೆಲ್ಲ ನನ್ನ ಬೆನ್ನು ಸವರಿ ಹೇಳಿದ್ದೂ ಅದನ್ನೇ. ನಾನು ಸುಮ್ಮನಾದೆ. ಅದು ಬಾಯಿ ಮುಚ್ಚಿಸುವ ಮಾತು. ಔಷಧಿ ಎಂದು ಯಾರೂ ಹೇಳಿರಲಿಲ್ಲ.

ತುಮಕೂರು

ಪಾಸ್‌ಪೋರ್ಟಿಗೆ ಫೋಟೋ ತೆಗೆಸಲು ನಿಮ್ಮಪ್ಪ ತುಮಕೂರಿನ ಸ್ಟುಡಿಯೋಗೆ ಕರೆದುಕೊಂಡು ಹೋದ. ಫೋಟೋದವನು, "ಸೆರಗು ತೆಗೀರಿ ಅಮ್ಮ, ಕಿವಿ ಕಾಣ್ಬೇಕು, ನನ್ನೇ ನೋಡಿ" ಎಂದ. ಗುರುತಿಲ್ಲದ ಗಂಡಸನ್ನು ರೆಪ್ಪೆ ಹೊಡೆಯದೆ ನೋಡಿದ್ದು ಅದೇ ಮೊದಲು. ಆ ಫೋಟೋದಲ್ಲಿ ನಾನು ಏನೋ ಕದ್ದು ಸಿಕ್ಕಿಬಿದ್ದವಳ ಹಾಗಿದ್ದೇನೆ. ನೀವು ಅದನ್ನು ನೋಡಿ ನಗುವುದು ನನಗೆ ಗೊತ್ತು. ಸೀರೆಯ ಕೆಳಗೆ ಕಾಲುಚೀಲ, ಬೂಟು ಹಾಕಿಸಿದ್ದೂ ಅಲ್ಲಿಯೇ. ಬಜಾರಿನ ತುಂಬ ಕತ್ತೆಗೊರಸಿನ ಸದ್ದು ಮಾಡುತ್ತ ನಡೆದೆ.

ವಿಮಾನ ಇಳಿದ ಜಾಗ

ಒಬ್ಬಳೇ ಹೋದೆ. ಹೇಗೆ ಹೋದೆ ಎಂದು ಕೇಳಬೇಡಿ, ಕೈಯಲ್ಲಿನ ಚೀಟಿ ತೋರಿಸಿದಲ್ಲೆಲ್ಲ ಯಾರೋ ದಾರಿ ತೋರಿಸಿದರು.

ಇಳಿದ ಮೇಲೆ ಒಬ್ಬ ಅಧಿಕಾರಿ ನನ್ನ ಚೀಲ ಬಿಚ್ಚಿಸಿದ. ಬಾಣಂತಿಗೆಂದು ಒಯ್ದ ಬಜೆ, ಜಾಯಿಕಾಯಿ, ಮೆಣಸಿನ ಪುಡಿ, ರಾಗಿ ಹಿಟ್ಟು ಎಲ್ಲವೂ ಮೇಜಿನ ಮೇಲೆ ಬಂದವು. ವಿಭೂತಿ ಗಟ್ಟಿಯನ್ನು ಎತ್ತಿ ಮೂಸಿದ, ಉಗುರಿನಿಂದ ಕೆರೆದ, ಇನ್ನೊಬ್ಬನನ್ನು ಕರೆದ. ಇಬ್ಬರೂ ನನ್ನ ಮುಖವನ್ನೂ ಬಿಳಿ ಗಟ್ಟಿಯನ್ನೂ ನೋಡತೊಡಗಿದರು. ನನಗೆ ಅವರ ಭಾಷೆ ಬಾರದು. ಗಟ್ಟಿಯನ್ನು ಇಸಿದುಕೊಂಡು, ಮೂರು ಬೆರಳಿಗೆ ಸವರಿ, ಹಣೆಗೆ ಹಚ್ಚಿ ತೋರಿಸಿದೆ. ಮೊದಲಿನವನು ಒಂದು ಗಳಿಗೆ ನಿಂತು, ಎಲ್ಲವನ್ನೂ ಚೀಲಕ್ಕೆ ತುಂಬಿ, ಕೈ ಮುಗಿದ. ಅವನಿಗೆ ಕೈ ಮುಗಿಯುವುದನ್ನು ಯಾರು ಕಲಿಸಿದ್ದರೋ ಕಾಣೆ.

ಹೊರಗೆ ಅಳಿಯಂದಿರು ನಿಂತಿದ್ದರು. ಅವರ ಎದೆಗೆ ಒಂದು ಬಟ್ಟೆಯ ಚೀಲ, ಚೀಲದಿಂದ ಹೊರಗೆ ಒಂದು ಪುಟ್ಟ ತಲೆ. ಗಂಡಸು ಕೂಸನ್ನು ಎದೆಗೆ ಕಟ್ಟಿಕೊಂಡು ಜನರ ನಡುವೆ ನಿಂತಿದ್ದಾನೆ. ಸಿದ್ದಮ್ಮನವರು ನೋಡಿದ್ದರೆ ಮಂಡಿನೋವು ಮರೆತು ಓಡಿಹೋಗುತ್ತಿದ್ದರು. ನಾನು ಅಭ್ಯಾಸಬಲದಿಂದ ಸೆರಗು ಎಳೆದುಕೊಂಡೆ. ಅವರು, "ಅತ್ತೆ, ಇವ್ನೇ ಚೇತನ" ಎಂದು ಚೀಲ ಬಗ್ಗಿಸಿ ತೋರಿಸಿದರು. ಅವರ ಕಣ್ಣ ಕೆಳಗೆ ಕಪ್ಪಾಗಿತ್ತು.

ಗಿರಿಜಳ ಮನೆ

ಗಿರಿಜ ಕಿಟಕಿಯ ಮುಂದೆ ಕೂತಿದ್ದಳು. ಹೊರಗೆ ಎಲ್ಲ ಬೆಳ್ಳಗೆ, ಸುಣ್ಣದ ಗೂಡು ಒಡೆದು ಚೆಲ್ಲಿದ ಹಾಗೆ ಹಿಮ. "ಬಂದ್ಯಾ ಅಮ್ಮ" ಎಂದಳು. ಏಳಲಿಲ್ಲ.

ನಿಮಗೆ ಒಂದು ವಿಷಯ ಹೇಳಬೇಕು. ಗಿರಿಜ ಚಿಕ್ಕಂದಿನಿಂದ ಮಾತಿಗೆ ಮಾತು ಕೊಡುವವಳು. ನಾನು ಜಡೆ ಬಿಗಿ ಎಂದರೆ "ಸುಮ್ನಿರಮ್ಮ", ಬಿಸಿಲಿಗೆ ಹೋಗಬೇಡ ಎಂದರೆ "ಸುಮ್ನಿರಮ್ಮ ನೀನು". ದಿನಕ್ಕೆ ಎಷ್ಟು ಸಲ ಅನ್ನಿಸಿಕೊಳ್ಳುತ್ತಿದ್ದೆನೋ. ಈಗ ನಾನು ಏನು ಹೇಳಿದರೂ "ಹೂಂ". ತಲೆಗೆ ಬಟ್ಟೆ ಕಟ್ಟಿಕೋ ಎಂದರೆ ಹೂಂ. ತಾಯಿತ ಕಟ್ಟಲೇ ಎಂದರೆ ಹೂಂ. ತೋಳು ಚಾಚಿದಳು, ಕಟ್ಟಿದೆ. ಇಂಗ್ಲಿಷಿನಲ್ಲಿ ಎಂ.ಎ. ಓದಿದವಳು ಒಂದು ಮಾತಾಡದೆ ತಾಯಿತ ಕಟ್ಟಿಸಿಕೊಂಡದ್ದು ನೋಡಿ ನನಗೆ ನಿಜವಾಗಿ ಹೆದರಿಕೆಯಾಯಿತು.

ಕೂಸಿಗೆ ನೀರು ಹಾಕುವ ಕೆಲಸ ನನ್ನದಾಯಿತು. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕಾಲ ಮೇಲೆ ಮಗುವನ್ನು ಮಲಗಿಸಿ ಎಣ್ಣೆ ತಿಕ್ಕುವಾಗ ಗಿರಿಜ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದಳು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು. ಬಾ ಎಂದರೆ ತಲೆಯಾಡಿಸಿ ಹೋಗಿಬಿಡುತ್ತಿದ್ದಳು. ನನಗೆ ಅಲ್ಲಿ ಇರಲು ಕೊಟ್ಟಿದ್ದ ಗಡುವು ಚಳಿಗಾಲ ಮುಗಿಯುವವರೆಗೆ. ಅಷ್ಟರಲ್ಲಿ ಅವಳು ಮಗುವನ್ನು ಮುಟ್ಟದಿದ್ದರೆ ಅದನ್ನು ಗುಬ್ಬಿಗೆ ಕರೆದುಕೊಂಡು ಹೋಗಬೇಕೆಂದು ಅಳಿಯಂದಿರು ಅಡುಗೆಮನೆಯಲ್ಲಿ ನನಗೆ ಮೆಲ್ಲಗೆ ಹೇಳಿದರು. ಹಾಗೆ ಹೇಳುವಾಗ ಅವರು ಗೋಡೆ ನೋಡುತ್ತಿದ್ದರು, ನಾನು ಒಲೆ ನೋಡುತ್ತಿದ್ದೆ.

ಆಸ್ಪತ್ರೆಯ ಕೋಣೆ

ಅವಳನ್ನು ಕೂರಿಸುವ ದಿನ ನಾನೂ ಹೋದೆ. ಚೇತನನನ್ನು ಅಳಿಯಂದಿರು ಎದೆಗೆ ಕಟ್ಟಿಕೊಂಡು ಕೆಳಗಿನ ಅಂತಸ್ತಿನಲ್ಲಿ ಓಡಾಡುತ್ತಿದ್ದರು. ನನ್ನನ್ನು ಕೋಣೆಯ ಹೊರಗಿನ ಕುರ್ಚಿಯಲ್ಲಿ ಕೂರಿಸಿ ಗಿರಿಜ ಒಳಗೆ ಹೋದಳು.

ಬಹಳ ಹೊತ್ತಾಯಿತು. ಒಳಗೆ ಒಂದು ಸದ್ದಿಲ್ಲ. ಆಸ್ಪತ್ರೆಯಲ್ಲಿ ಕೆಮ್ಮಾದರೂ ಕೇಳಬೇಕಲ್ಲ. ಎದ್ದು ಬಾಗಿಲನ್ನು ಸ್ವಲ್ಪ ತೆರೆದೆ.

ಈಗ ಬರೆಯುವುದನ್ನು ಓದಿ ನೀವು ಹೆದರಬೇಡಿ. ನಮ್ಮ ಜನದಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಶಾಲು ಹೊದಿಸಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಕೂರಿಸಿಯೇ ಮಣ್ಣು ಮಾಡುತ್ತಾರೆ. ನಿಮ್ಮ ತಾತನನ್ನೂ ನಡುಮನೆಯ ಗೋಡೆಗೆ ಹಾಗೆಯೇ ಕೂರಿಸಿದ್ದರು.

ಬಾಗಿಲ ಸಂದಿಯಿಂದ ನನಗೆ ಕಂಡದ್ದು ಅದೇ. ಗೋಡೆಯುದ್ದಕ್ಕೂ ಜನ. ಗಂಡಸರು, ಹೆಂಗಸರು, ಮುದುಕರು. ಬೆನ್ನು ನೆಟ್ಟಗೆ, ಮೈಗೆ ಕಂಬಳಿ, ಕಣ್ಣು ಮುಚ್ಚಿದೆ, ಮುಖದಲ್ಲಿ ಏನೂ ಇಲ್ಲ. ಕೊನೆಯಲ್ಲಿ ನನ್ನ ಮಗಳು. ಬೂದು ಕಂಬಳಿ ಹೊದ್ದು, ತಲೆ ಒಂದಿಷ್ಟೇ ಬಾಗಿ, ಅವಳ ಅಪ್ಪ ಕೂತಿದ್ದ ಹಾಗೆಯೇ.

ನನಗೆ ಏನಾಯಿತೋ ತಿಳಿಯದು. ಅಷ್ಟು ಜನರ ನಡುವೆ ಆ ಬೂಟುಕಾಲಿನಲ್ಲಿ ಓಡಿದೆ. ಅವಳ ಭುಜ ಹಿಡಿದು ಅಲ್ಲಾಡಿಸಿದೆ. "ಗಿರಿಜಾ, ಕಣ್ ಬಿಡೇ. ಕಣ್ ಬಿಡೇ ಅಂದ್ರೆ." ನನ್ನ ಧ್ವನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ.

ಸತ್ತವರೆಲ್ಲ ಒಟ್ಟಿಗೆ ಕಣ್ಣು ಬಿಟ್ಟರು.

ಒಬ್ಬರೂ ಗದರಲಿಲ್ಲ. ನಾನು ಭೂಮಿಗೆ ಇಳಿದು ಹೋಗಬಾರದೇ ಎಂದುಕೊಂಡು ನಿಂತಿದ್ದೆ. ಹೀಗೆ ಕೂರುವುದನ್ನು ಕಲಿಸುವಾಕೆ, ನನ್ನಷ್ಟೇ ವಯಸ್ಸಿನ ಹೆಂಗಸು, ಆ ಚಳಿಯಲ್ಲಿ ಬರಿಗಾಲಿನಲ್ಲಿ ಎದ್ದು ಬಂದು ಏನೋ ಕೇಳಿದಳು. ಗಿರಿಜ ನನ್ನನ್ನೇ ನೋಡುತ್ತಿದ್ದಳು. ಆಕೆ ಒಂದು ದಿಂಬು ತಂದು ಗಿರಿಜಳ ಪಕ್ಕದಲ್ಲಿಟ್ಟು, ಕೂತುಕೋ ಎಂದು ಕೈಯಲ್ಲಿ ತೋರಿಸಿದಳು. ಕೂತೆ.

"ಏನ್ ಮಾಡ್ಬೇಕೇ?" ಎಂದು ಪಿಸುಗುಟ್ಟಿದೆ.

"ಸುಮ್ನೆ ಕೂತ್ಕೊಂಡು ಉಸಿರು ನೋಡ್ಬೇಕು."

"ಯಾರನ್ನ ನೆನೀಬೇಕು?"

"ಯಾರನ್ನೂ ಇಲ್ಲ."

ಇದು ನನಗೆ ಇನ್ನೊಂದು ಆಘಾತ. ದಿನವೂ ಲಿಂಗವನ್ನು ಅಂಗೈಯಲ್ಲಿಟ್ಟು ನೋಡುತ್ತ ಕೂರುವವಳು ನಾನು. ಎದುರಿಗೆ ಶಿವನಿದ್ದಾನೆಂಬ ಧೈರ್ಯಕ್ಕೆ ಕೂರುತ್ತೇನೆ. ಇಲ್ಲಿ ಎದುರಿಗೆ ಯಾರೂ ಇಲ್ಲ, ಬೇಡಿಕೊಳ್ಳುವುದೂ ಇಲ್ಲ. ಬರೀ ಉಸಿರು. ಕಣ್ಣು ಮುಚ್ಚಿದರೆ ನನಗೆ ಒಲೆಯ ಮೇಲಿಟ್ಟು ಬಂದ ಹಾಲು, ರುದ್ರಪ್ಪನ ಅಂಗಡಿ, ಗಡುವು ಮುಗಿಯುವ ದಿನ, ಎಲ್ಲವೂ ಬಂದವು. ಉಸಿರೊಂದು ಸಿಗಲಿಲ್ಲ.

ಕೊನೆಯಲ್ಲಿ ಒಬ್ಬೊಬ್ಬರಾಗಿ ಮಾತಾಡಿದರು. ಗಿರಿಜ ನನ್ನ ಕಿವಿಯಲ್ಲಿ ಅರ್ಥ ಹೇಳುತ್ತಿದ್ದಳು. ಎತ್ತಿನಂಥ ಒಬ್ಬ ಗಂಡಸು, ಬಸ್ಸಿನ ಡ್ರೈವರು, ಸೇತುವೆ ಕಂಡರೆ ಎದೆ ಹೊಡೆದುಕೊಳ್ಳುತ್ತದೆ, ಕೆಲಸಕ್ಕೆ ಹೋಗಲಾರೆ ಎಂದು ಹೇಳುತ್ತ ಅತ್ತೇಬಿಟ್ಟ. ಮುಖ ಮುಚ್ಚಿಕೊಳ್ಳಲಿಲ್ಲ. ಪರಿಚಯವಿಲ್ಲದವರ ಎದುರಿಗೆ ಮೂಗು ಸೋರಿಸಿಕೊಂಡು ಅಳುವ ಗಂಡಸನ್ನು ನಾನು ಅದುವರೆಗೆ ನೋಡಿರಲಿಲ್ಲ. ಯಾರಾದರೂ ಈಗ ಸುಮ್ಮನಿರಿಸುತ್ತಾರೆ ಎಂದು ಕಾದೆ. ಒಬ್ಬರೂ ಬಾಯಿ ತೆರೆಯಲಿಲ್ಲ. ಅವನು ಸಾಕಾಗುವಷ್ಟು ಅತ್ತು, ತಾನೇ ನಿಲ್ಲಿಸಿದ.

ಆಮೇಲೆ ಕಲಿಸುವಾಕೆ ನನ್ನತ್ತ ತಿರುಗಿದಳು. ಹೀಗೆ ಕೂರುವುದಕ್ಕೆ ನಿಮ್ಮ ಭಾಷೆಯಲ್ಲಿ ಏನೆನ್ನುತ್ತೀರಿ ಎಂದು ಕೇಳಿದಳಂತೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ನೆಲ ನೋಡುತ್ತ, "ಸುಮ್ನೆ" ಎಂದೆ.

"ಸುಮ್‌ನೇ" ಎಂದಳು ಆಕೆ. "ಸುಮ್ಮುನೆ" ಎಂದ ಬಸ್ಸಿನ ಡ್ರೈವರು, ಕಣ್ಣೊರೆಸಿಕೊಳ್ಳುತ್ತ. ಕೋಣೆಯ ತುಂಬ ಸುಮ್‌ನೇ, ಸುಮ್ಮುನೆ. ಗಿರಿಜ ಸೆರಗಿಲ್ಲದ್ದಕ್ಕೆ ಬಾಯಿಗೆ ಕೈ ಅಡ್ಡ ಹಿಡಿದಳು. ನಕ್ಕಳೋ, ಅತ್ತಳೋ, ನನಗೆ ಕಾಣಲಿಲ್ಲ.

ಕೆರೆ

ಆಸ್ಪತ್ರೆಯ ಹಿಂದೆ ಒಂದು ದೊಡ್ಡ ಕೆರೆ. ಅಳಿಯಂದಿರು ಕಾರು ತರುವವರೆಗೆ ಇಬ್ಬರೂ ಅದರ ದಂಡೆಯಲ್ಲಿ ನಿಂತೆವು. ನೀರೆಲ್ಲ ಗಟ್ಟಿಯಾಗಿತ್ತು. ಅದರ ಮೇಲೆ ಜನ ನಡೆದಾಡುತ್ತಿದ್ದರು, ಒಬ್ಬ ನಡುಗೆರೆಯಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದ. ಕುಣಿಗಲ್ ಕೆರೆ ಹೆಪ್ಪುಗಟ್ಟಿ ಅದರ ಮೇಲೆ ಸಿದ್ದಮ್ಮನವರು ಎಲೆ ಅಡಿಕೆ ತಟ್ಟೆ ಇಟ್ಟುಕೊಂಡು ಕೂತರೆ ಹೇಗೆ, ಹಾಗೆ. ನಾನು ಅವನು ಈಗ ಮುಳುಗುತ್ತಾನೆ, ಈಗ ಮುಳುಗುತ್ತಾನೆ ಎಂದು ಉಸಿರು ಬಿಗಿಹಿಡಿದು ನೋಡುತ್ತಿದ್ದೆ.

ಗಿರಿಜ ತಾನಾಗಿ ಮಾತಾಡಿದಳು. ನಾನು ಹೋದ ಮೇಲೆ ಅದೇ ಮೊದಲು.

"ನಿಂಗೆ ಅಪ್ಪ ಕಾಣಿಸ್ತಲ್ವಾ ಅಮ್ಮ, ನಾನು ಕೂತಿದ್ದಾಗ?"

ನಾನು ಸುಳ್ಳು ಹೇಳಲಿಲ್ಲ.

"ನಂಗೂ ಅದೇ ಕಾಣೋದು. ಕಣ್ಮುಚ್ಚಿದ್ರೆ ಸಾಕು, ನಡುಮನೇಲಿ ಅಪ್ಪ. ಅವತ್ತು ಎಲ್ರೂ ಕಾಲಿಗೆ ಬೀಳು ಅಂದ್ರು. ನಾನು ಕಾಲು ಮುಟ್ದೆ, ಅಪ್ಪ ಒಂದು ಕಡೆಗೆ ವಾಲ್ಬಿಡ್ತು. ನಾನೇ ಬೀಳಿಸ್ದೆ ಅಂದ್ಕೊಂಡೆ."

ಒರಗಿಸಿದ ದೇಹ ವಾಲುವುದು, ಯಾರಾದರೂ ಹಿಡಿದು ಸರಿಮಾಡುವುದು ನಮ್ಮಲ್ಲಿ ಸಾಮಾನ್ಯ. ಆ ದಿನವೂ ಅವಳ ದೊಡ್ಡಪ್ಪ ಸರಿಮಾಡಿದ್ದರು. ನನಗೆ ಅದರ ನೆನಪೂ ಸರಿಯಾಗಿ ಇರಲಿಲ್ಲ. ಲಂಗ ಹಾಕುವ ವಯಸ್ಸಿನ ಹುಡುಗಿಯೊಬ್ಬಳು ಅದನ್ನು ಇಷ್ಟು ದೂರ ಹೊತ್ತು ತಂದಿದ್ದಳು.

"ಚೇತನ್‌ನ ಎತ್ಕೊಂಡ್ರೆ ಅವ್ನ ಕತ್ತು ವಾಲುತ್ತಲ್ಲ, ಆಗ ಕೈ ಮರಗಟ್ಟತ್ತೆ" ಎಂದಳು.

"ಇದನ್ನ ಆ ಯಮ್ಮಂಗೆ ಹೇಳಿದ್ಯಾ?"

"ಹೇಳ್ದೆ. ಬಂದ್ರೆ ಬರ್ಲಿ, ಓಡಿಸ್ಬೇಡ, ನೋಡು, ಆಮೇಲೆ ಉಸಿರಿಗೆ ವಾಪಸ್ ಬಾ ಅಂತಾರೆ. ಮೊದಲ್ನೇ ವಾರ ಎದ್ದು ಓಡಿ ಬಂದ್ಬಿಟ್ಟಿದ್ದೆ."

ಬಂದದ್ದನ್ನು ಓಡಿಸಲು ತಾಯಿತ ತಂದವಳು ನಾನು. ಬಂದರೆ ಬರಲಿ ಎನ್ನುವ ವೈದ್ಯ ನನಗೆ ಆಗಲೂ ಅರ್ಥವಾಗಲಿಲ್ಲ, ಪೂರ್ತಿ ಈಗಲೂ ಆಗಿಲ್ಲ. ನಾನು ಅವಳ ಕೈ ಹಿಡಿದುಕೊಂಡು ಹೇಳಿದ್ದು ಇಷ್ಟೇ. "ನೀನು ಬೀಳಿಸ್ಲಿಲ್ಲ ಕಣೇ. ದೇಹ ವಾಲುತ್ತೆ. ಬೆನ್ನಿಗೆ ಇಟ್ಟಿದ್ದ ದಿಂಬು ಜಾರಿತ್ತು."

ಅವಳು ಕೆರೆಯನ್ನೇ ನೋಡುತ್ತಿದ್ದಳು. ನಡುವೆ ಕೂತವನು ಎದ್ದು, ಸ್ಟೂಲು ಮಡಿಸಿ ಕಂಕುಳಲ್ಲಿಟ್ಟುಕೊಂಡು, ನೀರಿನ ಮೇಲೆ ನಡೆದು ಮನೆಗೆ ಹೋದ.

ಬಚ್ಚಲು

ಇಷ್ಟಾದ ಮೇಲೆ ಮರುದಿನವೇ ಎಲ್ಲ ಸರಿಹೋಯಿತು ಎಂದುಕೊಳ್ಳಬೇಡಿ. ಹಾಗೇನೂ ಆಗಲಿಲ್ಲ. ಕೆಲವು ದಿನ ಅವಳು ಮತ್ತೆ ಕಿಟಕಿಯ ಮುಂದೆ ಕೂತಳು. ಮಾತ್ರೆ ನುಂಗುತ್ತಿದ್ದಳು. ಬೆಳಗ್ಗೆ ಒಂದು ದಿಂಬಿನ ಮೇಲೆ ಕಣ್ಣು ಮುಚ್ಚಿ ಕೂರುತ್ತಿದ್ದಳು. ಪಕ್ಕದಲ್ಲಿ ನಾನೂ ಕೂತೆ, ನನಗೆ ಒಂದು ದಿನವೂ ಸಿದ್ಧಿಸಲಿಲ್ಲ. ಅವಳಿಗೆ ಗುಣ ಕಂಡದ್ದು ಮಾತ್ರೆಯಿಂದಲೋ, ಕೂತದ್ದರಿಂದಲೋ, ಕೆರೆಯ ದಂಡೆಯ ಮಾತಿನಿಂದಲೋ ನನಗೆ ಗೊತ್ತಿಲ್ಲ. ಸಿದ್ದಮ್ಮನವರು ಇಂದಿಗೂ ತಾಯಿತ ಎನ್ನುತ್ತಾರೆ. ನಾನು ಎದುರು ಹೇಳಿಲ್ಲ.

ಹಿಮ ಕರಗಿ ಬೀದಿಯೆಲ್ಲ ಕೆಸರಾಗಿತ್ತು. ನನ್ನ ಪೆಟ್ಟಿಗೆ ಅರ್ಧ ತುಂಬಿತ್ತು. ಅದರ ಪಕ್ಕದಲ್ಲಿ ಚೇತನನ ಬಟ್ಟೆಗಳನ್ನೂ ಮಡಿಸಿ ಇಟ್ಟಿದ್ದೆ, ಇನ್ನೂ ಒಳಗೆ ಹಾಕಿರಲಿಲ್ಲ. ಆ ಬೆಳಗ್ಗೆ ಎಂದಿನಂತೆ ಬಚ್ಚಲಲ್ಲಿ ಕಾಲು ಚಾಚಿ ಕೂತು ಅವನಿಗೆ ಎಣ್ಣೆ ತಿಕ್ಕುತ್ತಿದ್ದೆ. ಗಿರಿಜ ಬಾಗಿಲಿಗೆ ಬಂದು ನಿಂತಳು. ಅವನು ಅವಳನ್ನು ಕಂಡು ಒದ್ದಾಡಿದ. ಎಣ್ಣೆ ಮೈ, ನನ್ನ ಕಾಲ ಮೇಲಿಂದ ಒಂದು ಪಕ್ಕಕ್ಕೆ ವಾಲಿದ. ನಾನು ಅಯ್ಯೋ ಎನ್ನುವಷ್ಟರಲ್ಲಿ ಎರಡು ಕೈಗಳು ಅವನ ಕತ್ತಿನ ಕೆಳಗಿದ್ದವು. ನನ್ನ ಕೈಗಳಲ್ಲ.

ಅವಳು ಉಟ್ಟ ಬಟ್ಟೆಯಲ್ಲೇ ನೆಲಕ್ಕೆ ಕೂತಿದ್ದಳು. ಕಣ್ಣು ಮುಚ್ಚಿ ಒಂದು ಉಸಿರು ಎಳೆದಳು, ಬಿಟ್ಟಳು. ಇನ್ನೊಂದು ಎಳೆದಳು. ಆಮೇಲೆ ಕಾಲು ಚಾಚಿ ಅವನನ್ನು ತನ್ನ ಕಾಲ ಮೇಲೆ ಮಲಗಿಸಿಕೊಂಡಳು.

ನನ್ನ ಬಾಯಿ ನಿಲ್ಲಲಿಲ್ಲ. "ಕತ್ತು ಭದ್ರ ಕಣೇ. ನೀರು ನೋಡ್ಕೊ, ಬಿಸಿ ಇದೆ. ಕಿವಿಗೆ ಹೋಗ್ಬಾರ್ದು. ಅಂಗಲ್ಲ, ಎಡಗೈ ಕೆಳಗೆ ಹಾಕು. ಜಾರ್ತಾನೆ, ಇಲ್ಲಿ ಕೊಡು, ನಾನೇ..."

"ಸುಮ್ನಿರಮ್ಮ ನೀನು" ಎಂದಳು ಗಿರಿಜ.

ನಾನು ಸುಮ್ಮನೆ ಕೂತೆ.